‘ಕೈರಲ್’ ಎಂಬ ಪದದಲ್ಲೇ ಕೈ ಇದೆ, ನೋಡಿದಿರಾ?

‘ಕನ್ನಡದಲ್ಲಿ ಕತೆ, ಕವನ ಬರೀಬಹುದು ಸಾರ್. ಆರ್ಗ್ಯಾನಿಕ್ ಕೆಮಿಸ್ಟ್ರಿ ಹೇಳೋಕಾಗುತ್ತಾ?’

ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಪರಭಾಷಿಕರು ಹೇಳಿದ್ದರೆ ನಮಗೆ ಇಷ್ಟು ಬೇಸರವಾಗುತ್ತಿರಲಿಲ್ಲ. ಹೇಳುವವರು ನಮ್ಮವರೇ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿ, ಒಳ್ಳೆಯ ಅಂಕ ತೆಗೆದು, ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ತಿಂಗಳಲ್ಲೇ ಬೆಚ್ಚಿಬಿದ್ದ ಹುಡುಗ ಹುಡುಗಿಯರು.

ಮೊನ್ನೆ ಬಸ್ ನಿಲ್ದಾಣದಲ್ಲಿ ಈ ಪತ್ರಿಕೆ ಹಂಚುತ್ತಿದ್ದ ನಮ್ಮ ಬಳಗದ ಹುಡುಗರನ್ನು ದ್ವಿತೀಯ ಪಿಯುಸಿಯ ವಿದ್ಯಾರ್ಥಿಯೊಬ್ಬ ನಿಲ್ಲಿಸಿ ಕೇಳಿದನಂತೆ: ‘ಕನ್ನಡ ಕನ್ನಡ ಅಂತೀರಲ್ಲ, ಕೈರಲ್ ಅಂದರೇನು ಅಂತ ಕನ್ನಡದಲ್ಲಿ ಹೇಳಿ ನೋಡೋಣ.’ ನಮ್ಮ ಹುಡುಗರು ತಬ್ಬಿಬ್ಬಾದರು. ಉತ್ತರ ಕೊಡಲಾಗದೆ ತಲೆ ತಗ್ಗಿಸಿ ವಾಪಸ್ ಬಂದರು.

ಆ ವಿದ್ಯಾರ್ಥಿಯ ಮೇಲೆ ನಮಗೆ ಸಿಟ್ಟಿಲ್ಲ. ಅವನ ಸವಾಲು ನ್ಯಾಯವಾದದ್ದು. ಘೋಷಣೆ ಕೂಗುವ ಬಾಯಿಗೆ ಇಂಥ ಪ್ರಶ್ನೆಗೆ ಉತ್ತರ ಹೇಳುವ ಶಕ್ತಿಯೂ ಇರಬೇಕು. ಆದ್ದರಿಂದ ಗೆಳೆಯರೇ, ಈ ವಾರ ಗಡಿ, ನೀರು, ನಾಮಫಲಕಗಳನ್ನೆಲ್ಲ ಪಕ್ಕಕ್ಕಿಟ್ಟು ಈ ಸಂಪಾದಕೀಯವನ್ನು ಪೂರ್ತಿಯಾಗಿ ಆ ಒಂದು ಪದಕ್ಕೇ ಮೀಸಲಿಡುತ್ತಿದ್ದೇವೆ.

ಪದದ ಹೊಟ್ಟೆಯೊಳಗೆ ಏನಿದೆ?

‘ಕೈರಲ್’ ಎಂದು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಮೊದಲ ಅಕ್ಷರ ಯಾವುದು? ‘ಕೈ’. ಇನ್ನು ಆ ಪದದ ಅರ್ಥ ಕೇಳಿ. ಅದು ಗ್ರೀಕ್ ಭಾಷೆಯಲ್ಲಿ ಕೈ ಎಂಬುದಕ್ಕಿರುವ ಮಾತಿನಿಂದ ಹುಟ್ಟಿದ್ದು! ಗ್ರೀಕಿಗೂ ಕನ್ನಡಕ್ಕೂ ನಂಟಿದೆ ಎಂದು ನಾವು ಕತೆ ಕಟ್ಟುತ್ತಿಲ್ಲ. ಇದು ಬರೀ ಕಾಕತಾಳೀಯ. ಆದರೆ ಅರ್ಥ ಮಾತ್ರ ಖಚಿತ. ಉಷ್ಣಮಾಪನದ ಏಕಮಾನಕ್ಕೆ ಯಾರ ಹೆಸರಿದೆಯೋ ಆ ಲಾರ್ಡ್ ಕೆಲ್ವಿನ್ 1893ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ಉಪನ್ಯಾಸ ಮಾಡಿದ. ಎಡಗೈ ಬಲಗೈಗಳ ಹಾಗೆ ಕನ್ನಡಿಯಲ್ಲಿ ಅದಲುಬದಲಾಗುವ ಆಕಾರಗಳಿಗೆ ಒಂದು ಹೆಸರು ಬೇಕಿತ್ತು. ಗ್ರೀಕರ ‘ಕೈ’ಯನ್ನು ತೆಗೆದುಕೊಂಡ, ಪದ ಕಟ್ಟಿದ. ಅಷ್ಟೇ!

ನಿಮ್ಮನ್ನು ಹೆದರಿಸಿ ಕೂರಿಸಿದ ಪದದ ಮೂಲಬಂಡವಾಳ ಇಷ್ಟೇ. ಗ್ರೀಸ್ ದೇಶದ ಮಗು ತೊದಲು ಮಾತಿನಲ್ಲಿ ಕಲಿಯುವ ಮಾತು ಅದು. ನಮ್ಮ ಪುಣ್ಯಕ್ಕೆ ನಮಗೆ ಗ್ರೀಕ್ ಬರುವುದಿಲ್ಲ, ಆದ್ದರಿಂದ ಅದು ಮಹಾಮಂತ್ರದ ಹಾಗೆ ಕೇಳಿಸುತ್ತದೆ.

ಅರ್ಥ ಇಷ್ಟೇ

ಈಗ ಎರಡೂ ಅಂಗೈಗಳನ್ನು ಜೋಡಿಸಿ ನಮಸ್ಕಾರ ಮಾಡಿ. ಹೆಬ್ಬೆರಳಿಗೆ ಹೆಬ್ಬೆರಳು, ಕಿರುಬೆರಳಿಗೆ ಕಿರುಬೆರಳು ಹೊಂದಿತು. ಒಂದು ಕೈ ಇನ್ನೊಂದರ ಕನ್ನಡಿಬಿಂಬ. ಈಗ ಎಡಗೈಯನ್ನು ಬಲಗೈ ಬೆನ್ನಿನ ಮೇಲೆ, ಎರಡೂ ಅಂಗೈ ನೆಲದ ಕಡೆ ಇರುವ ಹಾಗೆ ಇಟ್ಟು ನೋಡಿ. ಹೆಬ್ಬೆರಳುಗಳು ಆಚೆಗೊಂದು ಈಚೆಗೊಂದು. ಹೇಗೆ ತಿರುಗಿಸಿದರೂ ಹೊಂದುವುದಿಲ್ಲ.

ಒಂದು ವಸ್ತು ತನ್ನ ಕನ್ನಡಿಬಿಂಬದ ಮೇಲೆ ಹೇಗೆ ತಿರುಗಿಸಿ ಇಟ್ಟರೂ ಪೂರ್ತಿ ಹೊಂದದಿದ್ದರೆ ಅದು ಕೈರಲ್. ಚಪ್ಪಲಿ ಕೈರಲ್, ಎಡಗಾಲಿನದು ಬಲಗಾಲಿಗೆ ಹಿಡಿಸುವುದಿಲ್ಲ. ಶಂಖ ಕೈರಲ್, ಸ್ಕ್ರೂ ಕೈರಲ್. ನೀವು ಚಹಾ ಕುಡಿಯುವ ಗಾಜಿನ ಲೋಟ ಕೈರಲ್ ಅಲ್ಲ, ಕ್ರಿಕೆಟ್ ಆಡುವ ರಬ್ಬರ್ ಚೆಂಡೂ ಅಲ್ಲ. ಅವುಗಳನ್ನು ಕನ್ನಡಿಯಲ್ಲಿ ನೋಡಿದರೂ ಅವೇ.

ಅಣುಗಳ ಮಟ್ಟದಲ್ಲೂ ಇದೇ ಕತೆ. ಇಂಗಾಲದ ಪರಮಾಣುವಿಗೆ ನಾಲ್ಕು ತೋಳು. ಅವು ನೆಗ್ಗಿಲು ಮುಳ್ಳಿನ ಹಾಗೆ ಚಾಚಿಕೊಂಡಿರುತ್ತವೆ. ಹೇಗೆ ಎಸೆದರೂ ಮೂರು ನೆಲಕ್ಕೆ, ಒಂದು ಮೇಲಕ್ಕೆ. ಆ ನಾಲ್ಕು ತೋಳುಗಳಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳು ಕೂತರೆ, ಕೂರುವ ಬಗೆ ಎರಡು: ಒಂದು ಎಡಗೈಯ ಹಾಗೆ, ಇನ್ನೊಂದು ಬಲಗೈಯ ಹಾಗೆ. ನಿಮ್ಮ ಮನೆಯ ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲವನ್ನೇ ತೆಗೆದುಕೊಳ್ಳಿ. ಅದರ ನಡುವಿನ ಇಂಗಾಲದ ಒಂದು ತೋಳಿನಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಹೈಡ್ರಾಕ್ಸಿಲ್, ಮತ್ತೊಂದರಲ್ಲಿ ಮೀಥೈಲ್, ಉಳಿದದ್ದರಲ್ಲಿ ಕಾರ್ಬಾಕ್ಸಿಲ್. ನಾಲ್ಕೂ ಬೇರೆ, ಆದ್ದರಿಂದ ಅಣು ಕೈರಲ್. ನಾಲ್ಕರಲ್ಲಿ ಎರಡು ಒಂದೇ ಆಗಿಬಿಟ್ಟರೆ ಆ ಇಂಗಾಲಕ್ಕೆ ಎಡಬಲದ ಭೇದ ಹೋಯಿತು.

ನೋಡಿ, ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಹ್ಯಾಲೋಆಲ್ಕೇನ್ ಪಾಠದಲ್ಲಿ ನಿಮ್ಮ ತಲೆ ತಿಂದ ವಿಷಯ ಒಂದೆರಡು ಪುಟ್ಟ ಪ್ಯಾರಾಗಳಲ್ಲಿ ಕನ್ನಡಕ್ಕೆ ಬಂತು. ಕನ್ನಡ ಮುರಿದು ಬೀಳಲಿಲ್ಲ!

ಹುಣಸೆಹುಳಿಯ ಇತಿಹಾಸ

ಇದನ್ನು ಕಂಡುಹಿಡಿದದ್ದು ಹೇಗೆ? 1848ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಎಂಬ 25 ವರ್ಷದ ಹುಡುಗ ದ್ರಾಕ್ಷಾರಸದ ಪೀಪಾಯಿಗಳಲ್ಲಿ ಸಿಗುವ ಟಾರ್ಟಾರಿಕ್ ಆಮ್ಲದ ಬೆನ್ನು ಬಿದ್ದಿದ್ದ. ನಮ್ಮ ಸಾರಿಗೆ ಹಿಂಡುವ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಅದೇ ಆಮ್ಲ. ಆ ಆಮ್ಲದ ದ್ರಾವಣ ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು, ಬಲಕ್ಕೆ ತಿರುಗಿಸುತ್ತಿತ್ತು. ಆದರೆ ಅದರ ಜೊತೆಯಲ್ಲೇ ಸಿಕ್ಕ, ಅದೇ ರಾಸಾಯನಿಕ ಸೂತ್ರದ ‘ರೆಸಿಮಿಕ್ ಆಮ್ಲ’ ಬೆಳಕನ್ನು ಎತ್ತಲೂ ತಿರುಗಿಸುತ್ತಿರಲಿಲ್ಲ. ಯಾಕೆ?

ಪಾಶ್ಚರ್ ಆ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು ಹರಳುಗಟ್ಟಿಸಿ ಭೂತಗನ್ನಡಿಯ ಕೆಳಗಿಟ್ಟು ನೋಡಿದ. ಹರಳುಗಳು ಎರಡು ಬಗೆ! ಒಂದು ಇನ್ನೊಂದರ ಕನ್ನಡಿಬಿಂಬ. ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಚಿಮಟದಿಂದ ಒಂದೊಂದನ್ನೇ ಆರಿಸಿ ಎರಡು ಗುಡ್ಡೆ ಮಾಡಿದ. ಒಂದು ಗುಡ್ಡೆಯ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ. ಸಮಸಮ ಬೆರೆಸಿದರೆ ಸೊನ್ನೆ.

‘ರೆಸಿಮಿಕ್’ ಎಂದರೇನು ಗೊತ್ತೇ? ಲ್ಯಾಟಿನ್ನಿನಲ್ಲಿ ದ್ರಾಕ್ಷಿ ಗೊಂಚಲಿಗೆ ಇದ್ದ ಮಾತಿನಿಂದ ಬಂದದ್ದು. ದ್ರಾಕ್ಷಿಯಿಂದ ಸಿಕ್ಕ ಆಮ್ಲಕ್ಕೆ ಇಟ್ಟ ಹೆಸರು, ಆಮೇಲೆ ಎಡಬಲ ಸಮವಾಗಿ ಬೆರೆತ ಎಲ್ಲ ವಸ್ತುಗಳಿಗೂ ಅಂಟಿಕೊಂಡಿತು. ಇವತ್ತು ದ್ರಾಕ್ಷಿಯ ವಾಸನೆಯೇ ಇಲ್ಲದ ಮಾತ್ರೆಯನ್ನೂ ‘ರೆಸಿಮಿಕ್’ ಅನ್ನುತ್ತಾರೆ. ಯುರೋಪಿನವರು ತಮ್ಮ ತೋಟದ ದ್ರಾಕ್ಷಿಯನ್ನು ವಿಜ್ಞಾನಕ್ಕೆ ಕೊಟ್ಟರು. ನಾವು ನಮ್ಮ ಹಿತ್ತಲಿನ ಹುಣಸೆಯನ್ನು ವಿಜ್ಞಾನ ಎಂದೂ ಹೇಳಿಕೊಳ್ಳಲು ನಾಚುತ್ತೇವೆ!

ಒಬ್ಬ ಡಚ್ ಹುಡುಗನ ಕತೆ

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ.

ಅಣುವಿಗೆ ಎಡಬಲ ಬರುವುದು ಇಂಗಾಲದ ನಾಲ್ಕು ತೋಳುಗಳಿಂದ ಎಂದು ಮೊದಲು ಹೇಳಿದವರು ಇಬ್ಬರು. ಇಬ್ಬರೂ ಬೇರೆ ಬೇರೆಯಾಗಿ ಯೋಚಿಸಿ, ಒಂದೇ ವರ್ಷ, 1874ರಲ್ಲಿ ಹೇಳಿದರು. ಒಬ್ಬ ಫ್ರಾನ್ಸಿನ ಲ ಬೆಲ್. ಇನ್ನೊಬ್ಬ ಹಾಲೆಂಡಿನ ವಾಂಟ್ ಹಾಫ್. ವಾಂಟ್ ಹಾಫ್‌ಗೆ ಆಗ 22 ವರ್ಷ, ಇನ್ನೂ ಡಾಕ್ಟರೇಟ್ ಬಂದಿರಲಿಲ್ಲ. ಅವನು ತನ್ನ ಯೋಚನೆಯನ್ನು ಒಂದು ಪುಟ್ಟ ಪುಸ್ತಿಕೆಯಾಗಿ ಅಚ್ಚು ಹಾಕಿಸಿದ. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಲ್ಲ. ಅಂದಿನ ರಸಾಯನಶಾಸ್ತ್ರದ ರಾಜಭಾಷೆಯಂತಿದ್ದ ಜರ್ಮನ್‌ನಲ್ಲೂ ಅಲ್ಲ. ತನ್ನ ತಾಯ್ನುಡಿ ಡಚ್ಚಿನಲ್ಲಿ!

ಡಚ್ ದೊಡ್ಡ ಭಾಷೆ ಎಂದುಕೊಂಡಿರೇನು? ಇವತ್ತು ಜಗತ್ತಿನಲ್ಲೆಲ್ಲ ಸೇರಿ ಅದನ್ನು ತಾಯ್ನುಡಿಯಾಗಿ ಆಡುವವರು ಸುಮಾರು ಎರಡೂವರೆ ಕೋಟಿ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಲೆಕ್ಕ ನೀವೇ ಹಾಕಿ.

ಸುಳ್ಳು ಹೇಳಿ ನಿಮ್ಮನ್ನು ಉಬ್ಬಿಸುವ ಇರಾದೆ ನಮಗಿಲ್ಲ. ಆ ಪುಸ್ತಿಕೆ ಡಚ್ಚಿನಲ್ಲೇ ಉಳಿದಿದ್ದರೆ ಹೊರಗೆ ಹೆಚ್ಚು ಜನ ಓದುತ್ತಿರಲಿಲ್ಲ. ಮರುವರ್ಷ ಅವನೇ ಅದನ್ನು ಫ್ರೆಂಚಿನಲ್ಲಿ ಬೆಳೆಸಿ ಬರೆದ. 1877ರಲ್ಲಿ ಜರ್ಮನ್ ಅನುವಾದ ಬಂತು. ಬಂದ ಕೂಡಲೇ ಜರ್ಮನಿಯ ದೊಡ್ಡ ಪ್ರೊಫೆಸರ್ ಕೋಲ್ಬೆ ಕೆಂಡ ಕಾರಿದ. ವಾಂಟ್ ಹಾಫ್ ಆಗ ಉಟ್ರೆಕ್ಟ್ ಊರಿನ ಪಶುವೈದ್ಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಅದನ್ನೇ ಹಿಡಿದು, ಇವನು ದನದ ಡಾಕ್ಟರರ ಶಾಲೆಯಿಂದ ರೆಕ್ಕೆಯ ಕುದುರೆ ಎರವಲು ಪಡೆದು ಹಾರಲು ಹೊರಟಿದ್ದಾನೆ ಎಂಬರ್ಥ ಬರುವಂತೆ ಹೀಯಾಳಿಸಿ ಬರೆದ. ಇವತ್ತು ಕೋಲ್ಬೆಯ ಆ ಬೈಗುಳ ಒಂದು ತಮಾಷೆಯಾಗಿ ಉಳಿದಿದೆ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಕೊಟ್ಟಾಗ ಅದು ಹೋದದ್ದು ವಾಂಟ್ ಹಾಫ್‌ಗೆ. ಅದನ್ನು ಕೊಟ್ಟದ್ದು ಅವನ ಬೇರೆ ಕೆಲಸಕ್ಕೆ. ಆದರೂ ಆ ಮನುಷ್ಯ ಅವನೇ ತಾನೇ!

ಪಾಠ ಸ್ಪಷ್ಟ. ಯೋಚನೆ ತನ್ನ ಭಾಷೆಯಲ್ಲಿ ಮಾಡು, ಬರೆ. ಆಮೇಲೆ ಜಗತ್ತಿಗೆ ಜಗತ್ತಿನ ಭಾಷೆಯಲ್ಲಿ ಹೇಳು. ಇಂಗ್ಲಿಷ್ ಕಲಿಯಬೇಡಿ ಎಂದು ಈ ಪತ್ರಿಕೆ ಎಂದೂ ಹೇಳಿಲ್ಲ. ಇಂಗ್ಲಿಷ್ ಬರದಿದ್ದರೆ ತಲೆಯೇ ಇಲ್ಲ ಎಂಬ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ.

ಮಾತ್ರೆಯ ಹಾಳೆಯ ಮೇಲೆ ‘ಲೆವೋ’

‘ಇದೆಲ್ಲ ಪರೀಕ್ಷೆಗೆ ಸರಿ, ಬದುಕಿಗೇನು?’ ಎನ್ನುತ್ತೀರಾ? ಮನೆಯ ಔಷಧಿ ಡಬ್ಬಿ ತೆಗೆಯಿರಿ. ನೆಗಡಿ, ಅಲರ್ಜಿಗೆ ಕೊಡುವ ಮಾತ್ರೆಯ ಹಾಳೆಯ ಮೇಲೆ ‘ಸೆಟಿರಿಜಿನ್’ ಎಂದೋ ‘ಲೆವೋಸೆಟಿರಿಜಿನ್’ ಎಂದೋ ಇರುತ್ತದೆ. ಎರಡಕ್ಕೂ ಏನು ವ್ಯತ್ಯಾಸ? ಮೊದಲನೆಯದು ಎಡಬಲ ಎರಡೂ ಸಮವಾಗಿ ಬೆರೆತದ್ದು. ಎರಡನೆಯದು ಅದರಲ್ಲಿ ಕೆಲಸ ಮಾಡುವ ಒಂದು ಬಗೆಯನ್ನಷ್ಟೇ ಬೇರ್ಪಡಿಸಿ ಇಟ್ಟದ್ದು. ಆದ್ದರಿಂದಲೇ ದೊಡ್ಡವರಿಗೆ ಸಾಮಾನ್ಯವಾಗಿ ಮೊದಲನೆಯದು 10 ಮಿಲಿಗ್ರಾಂ, ಎರಡನೆಯದು 5 ಮಿಲಿಗ್ರಾಂ. ಅರ್ಧಕ್ಕರ್ಧ! ಪದದ ಅರ್ಥ ಗೊತ್ತಿದ್ದವರಿಗೆ ಈ ಲೆಕ್ಕ ತಾನೇ ತಿಳಿಯುತ್ತದೆ. ಗೊತ್ತಿಲ್ಲದವರು ‘5 ಅಂದರೆ ಪವರ್ ಕಮ್ಮಿ’ ಎಂದುಕೊಂಡು ಎರಡು ನುಂಗುತ್ತಾರೆ. ಯಾವ ಮಾತ್ರೆ, ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ. ಆದರೆ ನುಂಗುವವರಿಗೆ ಅದರ ಹೆಸರಾದರೂ ಅರ್ಥವಾಗಬೇಡವೇ?

ನಮ್ಮ ಬೇಲಿಗಳಲ್ಲಿ ನಸುಗುನ್ನಿ ಬಳ್ಳಿ ಬೆಳೆಯುತ್ತದೆ. ಅದರ ಕಾಯಿ ಮೈಗೆ ತಗುಲಿದರೆ ತುರಿಕೆಯೋ ತುರಿಕೆ. ಅದರ ಬೀಜದಲ್ಲಿ ಎಲ್-ಡೋಪಾ ಎಂಬ ವಸ್ತುವಿದೆ. ಅದನ್ನು ಆ ಬೀಜದಿಂದ ಬೇರ್ಪಡಿಸಿದ ವರದಿ 1937ರಲ್ಲೇ ಮದ್ರಾಸಿನಿಂದ ಹೊರಟಿತ್ತು. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಇವತ್ತಿಗೂ ಕೊಡುವ ಮುಖ್ಯ ಮದ್ದು ಅದೇ, ‘ಲೆವೋಡೋಪಾ’. ಅದರ ಇನ್ನೊಂದು ಕೈ, ಡಿ-ಡೋಪಾ, ಈ ಕೆಲಸಕ್ಕೆ ಬಾರದು, ತೊಂದರೆಯನ್ನೂ ಕೊಡುತ್ತದೆ. ಬೇಕಾದ ಕೈಯನ್ನೇ ಕಾರ್ಖಾನೆಯಲ್ಲಿ ತಯಾರಿಸುವ ದಾರಿ ಕಂಡುಹಿಡಿದ ವಿಲಿಯಂ ನೋಲ್ಸ್‌ಗೆ 2001ರಲ್ಲಿ ನೊಬೆಲ್ ಪಾಲು ಬಂತು. ಇಂಥದೇ ಕೆಲಸದ ಇನ್ನೊಂದು ಬಗೆಗೆ 2021ರಲ್ಲಿ ಲಿಸ್ಟ್ ಮತ್ತು ಮ್ಯಾಕ್‌ಮಿಲನ್‌ಗೂ ನೊಬೆಲ್ ಬಂತು. ಬೀಜ ನಮ್ಮ ಬೇಲಿಯದು, ಪದ ಮಾತ್ರ ನಮಗೆ ಪರಕೀಯ!

ಮೂಗಿಗೂ ಎಡಬಲ ಗೊತ್ತು. ಕಾರ್ವೋನ್ ಎಂಬ ಒಂದೇ ವಸ್ತುವಿನ ಒಂದು ಕೈ ಸ್ಪಿಯರ್‌ಮಿಂಟ್ ಜಾತಿಯ ಪುದೀನದ ಪರಿಮಳ ಕೊಡುತ್ತದೆ, ಇನ್ನೊಂದು ಕೈ ಸಬ್ಬಸಿಗೆ ಬೀಜದ ವಾಸನೆ ಕೊಡುತ್ತದೆ. ಯಾಕೆಂದರೆ ನಮ್ಮ ದೇಹವೇ ಒಂದು ಕೈಯ ಕಡೆ ವಾಲಿದೆ. ನಮ್ಮ ಪ್ರೋಟೀನುಗಳನ್ನು ಕಟ್ಟುವ 20 ಅಮೈನೋ ಆಮ್ಲಗಳಲ್ಲಿ ಗ್ಲೈಸಿನ್ ಒಂದು ಬಿಟ್ಟರೆ ಉಳಿದ 19ಕ್ಕೂ ಕೈಯುಂಟು, ಎಲ್ಲವೂ ‘ಎಲ್’ ಬಗೆ. ಬಲಗೈಯ ಗ್ಲೌಸಿಗೆ ಎಡಗೈ ಹೋಗದ ಹಾಗೆ, ದೇಹದೊಳಗೆ ಒಂದು ಕೈಗೆ ಮಾತ್ರ ಜಾಗ.

ಈ ವಿಷಯಕ್ಕೆ ಒಂದು ಘೋರ ಅಧ್ಯಾಯವೂ ಇದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ‘ಥಾಲಿಡೋಮೈಡ್’ ಎಂಬ ನಿದ್ರೆಯ ಔಷಧಿ ಮಾರುಕಟ್ಟೆಗೆ ಬಂತು. ಬಸುರಿಯರ ವಾಂತಿಗೂ ಕೊಟ್ಟರು. 1961ರ ಕೊನೆಯಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಆ ಔಷಧಿ ಎಡಬಲ ಸಮಬೆರಕೆ. ಒಂದು ಕೈ ನಿದ್ರೆ ತರಿಸುತ್ತದೆ, ಇನ್ನೊಂದು ಮಗುವನ್ನು ಕೆಡಿಸುತ್ತದೆ ಎಂದು ಟ್ಯೂಷನ್ನುಗಳಲ್ಲಿ ಹೇಳಿಕೊಡುತ್ತಾರೆ. ಆದರೆ ಅರ್ಧ ಪಾಠ ಅಪಾಯ. ಒಳ್ಳೆಯ ಕೈಯನ್ನಷ್ಟೇ ಕೊಟ್ಟಿದ್ದರೂ ಆ ಮಕ್ಕಳು ಉಳಿಯುತ್ತಿರಲಿಲ್ಲ. ದೇಹದೊಳಗೆ ಹೋದ ಮೇಲೆ ಆ ಅಣುವಿನ ಒಂದು ಕೈ ಇನ್ನೊಂದಾಗಿ ಬದಲಾಗುತ್ತದೆ. ಗಿಳಿಪಾಠ ಮಾಡಿದವರಿಗೆ ಮೊದಲ ವಾಕ್ಯ ಮಾತ್ರ ನೆನಪಿರುತ್ತದೆ. ಅರ್ಥ ಮಾಡಿಕೊಂಡವರು ಎರಡನೆಯದನ್ನೂ ಕೇಳುತ್ತಾರೆ.

ಬಲಮುರಿ, ಎಡಮುರಿ

ಪದ ಬಳಸುವಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ, ಅದನ್ನೂ ಹೇಳಿಬಿಡುತ್ತೇವೆ. ಅಣುವಿನ ಆಕಾರ ಒಂದು ವಿಷಯ, ಬೆಳಕು ತಿರುಗುವ ದಿಕ್ಕು ಇನ್ನೊಂದು. ‘ಡೆಕ್ಸ್‌ಟ್ರೋ’, ‘ಲೆವೋ’ ಎಂಬುವು ಲ್ಯಾಟಿನ್ನಿನ ಬಲ, ಎಡ. ಹೆಸರಿನ ಮುಂದೆ ಬಂದರೆ ಅವು ಬೆಳಕು ತಿರುಗುವ ದಿಕ್ಕನ್ನು ಹೇಳುತ್ತವೆ. ಗ್ಲೂಕೋಸಿಗೆ ಡೆಕ್ಸ್‌ಟ್ರೋಸ್ ಎಂಬ ಹೆಸರು ಬಂದದ್ದು ಅದು ಬೆಳಕನ್ನು ಬಲಕ್ಕೆ ತಿರುಗಿಸುವುದರಿಂದ. ಆದರೆ ದೊಡ್ಡಕ್ಷರದ ‘ಡಿ’, ‘ಎಲ್’ ಹೇಳುವುದು ಆಕಾರವನ್ನು. ಎರಡೂ ಒಂದೇ ಆಗಬೇಕೆಂದಿಲ್ಲ. ನಮ್ಮ ಹುಣಸೆಯ ಟಾರ್ಟಾರಿಕ್ ಆಮ್ಲ ಆಕಾರದಲ್ಲಿ ‘ಎಲ್’, ಬೆಳಕನ್ನು ತಿರುಗಿಸುವುದು ಬಲಕ್ಕೆ! ಹಣ್ಣಿನ ಸಕ್ಕರೆ ಫ್ರಕ್ಟೋಸ್ ಆಕಾರದಲ್ಲಿ ‘ಡಿ’, ತಿರುಗಿಸುವುದು ಎಡಕ್ಕೆ. ಇನ್ನೊಂದು ಮಾತು: ಎಡಬಲ ಸಮಬೆರಕೆಯಲ್ಲಿ ಬೆಳಕು ತಿರುಗುವುದಿಲ್ಲ, ಆದರೆ ಅದರೊಳಗಿನ ಒಂದೊಂದು ಅಣುವೂ ಕೈರಲ್ಲೇ. ‘ಬೆಳಕು ತಿರುಗಲಿಲ್ಲ, ಆದ್ದರಿಂದ ಕೈರಲ್ ಅಲ್ಲ’ ಎಂದು ಬರೆದರೆ ಅಂಕ ಹೋಯಿತು.

ಈ ಡೆಕ್ಸ್‌ಟ್ರೋ, ಲೆವೋಗಳಿಗೆ ಕನ್ನಡ ಬೇಕೇ? ಕಟ್ಟುವ ಕಷ್ಟವೇ ಇಲ್ಲ. ಶ್ರೀರಂಗಪಟ್ಟಣದ ಬಳಿ ಕಾವೇರಿ ದಂಡೆಗೆ ಪಿಕ್ನಿಕ್ ಹೋಗಿದ್ದೀರಲ್ಲ, ಆ ಜಾಗಗಳ ಹೆಸರೇನು? ಬಲಮುರಿ, ಎಡಮುರಿ! ಸೊಂಡಿಲು ಬಲಕ್ಕೆ ತಿರುಗಿದ ಗಣಪ ಬಲಮುರಿ ಗಣಪ. ಬಲಕ್ಕೆ ಸುತ್ತಿದ ಶಂಖ ಬಲಮುರಿ ಶಂಖ. ಬೆಳಕನ್ನು ಬಲಕ್ಕೆ ತಿರುಗಿಸುವ ಸಕ್ಕರೆ ಬಲಮುರಿ ಸಕ್ಕರೆ ಯಾಕಾಗಬಾರದು? ನಮ್ಮ ಅಜ್ಜಂದಿರು ಹೆಸರಿಟ್ಟು ಹೋದ ಊರ ದಾರಿಯಲ್ಲಿ ಹಾದುಹೋಗುತ್ತಾ ‘ಕನ್ನಡದಲ್ಲಿ ಪದವಿಲ್ಲ’ ಎಂದು ಗೋಳಾಡುವ ಜನ ನಾವು.

ಇಬ್ಬರು ವೈರಿಗಳು

ಕನ್ನಡದ ವಿಜ್ಞಾನಕ್ಕೆ ವೈರಿಗಳು ಇಬ್ಬರು. ‘ಇಂಗ್ಲಿಷ್ ಬಿಟ್ಟರೆ ಗತಿಯಿಲ್ಲ’ ಎನ್ನುವವರು ಒಬ್ಬರು. ಇನ್ನೊಬ್ಬರು ನಮ್ಮ ಪಂಡಿತ ಮಹಾಶಯರು. ಅವರ ಕೈಗೆ ‘ಕೈರಲ್’ ಸಿಕ್ಕರೆ ‘ಅಪ್ರತಿಬಿಂಬಾಧ್ಯಾರೋಪ್ಯತ್ವ’ ಎಂದು ಏನಾದರೊಂದು ಹೊಸೆದುಬಿಡುತ್ತಾರೆ. ಅದಕ್ಕಿಂತ ಗ್ರೀಕೇ ವಾಸಿ! ಗ್ರೀಕರು ಮನೆಮಾತಿನ ‘ಕೈ’ ಕೊಟ್ಟಿರುವಾಗ ನಾವು ಯಾಕೆ ಬಾಯಿಗೆ ಬಾರದ ಮಾತಿಗೆ ಮೊರೆ ಹೋಗಬೇಕು? ಕನ್ನಡದ್ದೇ ಬೇರುಗಳಿಂದ ಪದ ಕಟ್ಟಬಹುದು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕಗಳಲ್ಲಿ ವಾದಿಸಿ ತೋರಿಸಿದ್ದಾರೆ. ಅವರ ಎಲ್ಲ ಸಲಹೆಗಳನ್ನೂ ನೀವು ಒಪ್ಪಬೇಕೆಂದಿಲ್ಲ. ದಾರಿ ಇದೆ ಎಂಬುದಂತೂ ನಿಜ.

ನಮ್ಮ ಸಲಹೆ ಇದು. ಕೈರಲ್ ಅಣುವಿಗೆ ‘ಕೈಯುಳ್ಳ ಅಣು’, ಕೈರಲ್ ಅಲ್ಲದ್ದಕ್ಕೆ ‘ಕೈಯಿಲ್ಲದ ಅಣು’, ಆ ಗುಣಕ್ಕೆ ‘ಕೈತನ’. ಎನಾನ್ಷಿಯೋಮರ್‌ಗಳಿಗೆ ‘ಕನ್ನಡಿಜೋಡಿ’. ರೆಸಿಮಿಕ್‌ಗೆ ‘ಸಮಬೆರಕೆ’. ಇವು ಹಿಡಿಸದಿದ್ದರೆ ಇನ್ನೂ ಒಳ್ಳೆಯದನ್ನು ಕಟ್ಟಿ, ನಾವು ಅಚ್ಚು ಹಾಕುತ್ತೇವೆ. ‘ಕೈರಲ್’ ಎಂದೇ ಬರೆಯುತ್ತೀರಾ? ಬರೆಯಿರಿ, ನಮ್ಮದೇನೂ ತಕರಾರಿಲ್ಲ. ಬಸ್ಸು, ಬ್ಯಾಂಕು, ಕಾಫಿಯನ್ನು ಅರಗಿಸಿಕೊಂಡ ಕನ್ನಡಕ್ಕೆ ಇದೊಂದು ಭಾರವೇ? ಅರ್ಥ ಮಾತ್ರ ಕನ್ನಡದಲ್ಲಿ ತಲೆಗೆ ಹೋಗಿರಬೇಕು.

‘ಹೊಸ ಪದ ಯಾರು ಬಳಸುತ್ತಾರೆ?’ ಎನ್ನಬೇಡಿ. ಕೆಲ್ವಿನ್ ಕಟ್ಟಿದ ಪದವನ್ನೂ ರಸಾಯನಶಾಸ್ತ್ರಜ್ಞರು ತಕ್ಷಣ ಬಳಸಲಿಲ್ಲ. ಅದು ಎಪ್ಪತ್ತು ವರ್ಷ ಹೆಚ್ಚುಕಮ್ಮಿ ಮೂಲೆಯಲ್ಲಿ ಮಲಗಿತ್ತು. 1960ರ ದಶಕದಲ್ಲಿ ಕಾನ್, ಇಂಗೋಲ್ಡ್, ಪ್ರೆಲೋಗ್ ಮುಂತಾದವರು ಎತ್ತಿಕೊಂಡು ಬಳಸಿದ ಮೇಲೆ ಎಲ್ಲರ ಬಾಯಿಗೂ ಬಂತು. ಬಳಸದ ಪದ ಇಂಗ್ಲಿಷಿನಲ್ಲೂ ಸಾಯುತ್ತದೆ, ಬಳಸಿದ ಪದ ಕನ್ನಡದಲ್ಲೂ ಬದುಕುತ್ತದೆ. ನಮ್ಮ ‘ಆಮ್ಲಜನಕ’ವನ್ನೇ ನೋಡಿ. ಎಲ್ಲ ಆಮ್ಲಗಳಿಗೂ ಆಕ್ಸಿಜನ್ನೇ ಕಾರಣ ಎಂಬ ಲವಾಸಿಯೆಯ ತಪ್ಪು ತಿಳುವಳಿಕೆಯಿಂದ ಹುಟ್ಟಿದ ಹೆಸರಿನ ಅನುವಾದ ಅದು. ಆದರೂ ಶಾಲೆಯ ಮಕ್ಕಳೆಲ್ಲರಿಗೂ ಗೊತ್ತಿರುವ ಮಾತಾಗಿ ನಿಂತಿದೆ.

ನಮ್ಮವರು ಸುಮ್ಮನೆ ಕೂತಿರಲಿಲ್ಲ

ಬೆಳ್ಳಾವೆ ವೆಂಕಟನಾರಣಪ್ಪನವರ ಮುಂದಾಳುತನದಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಟದ್ದು 1918ರಲ್ಲಿ. ಕರ್ನಾಟಕ ಎಂಬ ರಾಜ್ಯವೇ ಇಲ್ಲದ ಕಾಲ! ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಬರೆದರು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಜೆ.ಆರ್. ಲಕ್ಷ್ಮಣರಾಯರು ಜೀವಮಾನವಿಡೀ ಕನ್ನಡದಲ್ಲಿ ವಿಜ್ಞಾನ ಬರೆದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೇ ಬಂತು. ಅವರು ಹಾಕಿಕೊಟ್ಟ ದಾರಿಯಲ್ಲಿ ಹುಲ್ಲು ಬೆಳೆಯಲು ಬಿಟ್ಟವರು ನಾವು. 1982ರಲ್ಲಿ ಗೋಕಾಕ್ ವರದಿಗಾಗಿ ಇಡೀ ನಾಡು ಬೀದಿಗಿಳಿಯಿತು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದೆವು, ಸರಿ. ಪಿಯುಸಿಯ ಪ್ರಯೋಗಾಲಯದಲ್ಲಿ ಕನ್ನಡಕ್ಕೆ ಎಷ್ಟನೇ ಸ್ಥಾನ ಎಂದು ಕೇಳಲು ಮರೆತೆವು.

ಈಗಿನ ಪರಿಸ್ಥಿತಿ ನೋಡಿ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು. ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇದೆ. ಹೋರಾಡಿ ಪಡೆದ ಹಕ್ಕು ಇದು. ಆದರೆ ನೀಟ್ ನಿಯಮದ ಪ್ರಕಾರ ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಅಂದರೆ ಕನ್ನಡದ ಪ್ರಶ್ನೆಯಲ್ಲಿ ಪದ ತಪ್ಪಾದರೆ ದಂಡ ತೆರುವವರು ಕನ್ನಡದಲ್ಲಿ ಬರೆದ ಮಕ್ಕಳೇ! ಎರಡು ವರ್ಷ ತರಗತಿಯಲ್ಲಿ ಕಿವಿಗೆ ಬೀಳದ ಪದವನ್ನು ಪರೀಕ್ಷೆಯ ದಿನ ಮೊದಲ ಸಲ ಕನ್ನಡದಲ್ಲಿ ನೋಡಿದರೆ ಯಾವ ಜಾಣನಾದರೂ ತಬ್ಬಿಬ್ಬಾಗುತ್ತಾನೆ. ಆಮೇಲೆ ‘ಕನ್ನಡದಲ್ಲಿ ಬರೆಯುವವರೇ ಇಲ್ಲ’ ಎಂದು 1 ಶೇಕಡಾ, 2 ಶೇಕಡಾ ಲೆಕ್ಕ ತೋರಿಸಿ ಬಾಗಿಲು ಮುಚ್ಚಲು ಕಾಯುವವರು ಇದ್ದೇ ಇರುತ್ತಾರೆ.

ಆದ್ದರಿಂದ ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರು. ಪಿಯುಸಿ ವಿಜ್ಞಾನದ ಪ್ರತಿ ಪಠ್ಯದ ಕೊನೆಗೆ ಪದಗಳ ಅರ್ಥವನ್ನು ಬಾಯಿಗೆ ಬರುವ ಕನ್ನಡದಲ್ಲಿ ಕೊಡಿ. ನೀಟ್, ಜೆಇಇ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದಲ್ಲಿ ಬಳಸುವ ಪದಪಟ್ಟಿಯನ್ನು ಪರೀಕ್ಷೆಗೆ ಮೊದಲೇ ಪ್ರಕಟಿಸುವಂತೆ ದೆಹಲಿಯನ್ನು ಒತ್ತಾಯಿಸಿ. ಕನ್ನಡ ಪ್ರಶ್ನೆಯ ತಪ್ಪಿಗೆ ಕನ್ನಡದ ಮಕ್ಕಳ ಅಂಕ ಕತ್ತರಿಸುವ ನಿಯಮವನ್ನು ಕಿತ್ತು ಹಾಕಿಸಿ.

ನಿಮಗೂ ಒಂದು ಕೆಲಸವಿದೆ ಗೆಳೆಯರೇ. ನವೆಂಬರ್ ಒಂದರಂದು ಬಾವುಟ ಹಿಡಿದು ಬೈಕ್ ರ್‍ಯಾಲಿ ಮಾಡುವುದಕ್ಕಿಂತ ಇದು ಕಷ್ಟದ್ದು. ನಿಮ್ಮ ಬೀದಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದು ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿಯೊಬ್ಬಳು, ಹುಡುಗನೊಬ್ಬ ಇದ್ದೇ ಇರುತ್ತಾರೆ. ವಾರಕ್ಕೊಂದು ಸಂಜೆ ಅವರ ಜೊತೆ ಕೂತು ಅವರನ್ನು ಹೆದರಿಸಿದ ಹತ್ತು ಪದಗಳನ್ನು ಬಿಡಿಸಿ. ಕೈರಲ್‌ನಿಂದಲೇ ಶುರು ಮಾಡಿ. ಎರಡು ಕೈ, ಒಂದು ಜೊತೆ ಚಪ್ಪಲಿ, ಒಂದು ಕನ್ನಡಿ ಸಾಕು. ಬೇರೆ ಖರ್ಚಿಲ್ಲ.

ಬಸ್ ನಿಲ್ದಾಣದಲ್ಲಿ ನಮ್ಮನ್ನು ಕೇಳಿದ ತಮ್ಮಾ, ಈ ಸಂಚಿಕೆ ನಿನ್ನ ಕೈಗೆ ಸಿಕ್ಕರೆ ಓದು. ಉತ್ತರ ಕೊಡಲು ನಮಗೆ ಎರಡು ವಾರ ಹಿಡಿಯಿತು, ಅದಕ್ಕೆ ಕ್ಷಮೆಯಿರಲಿ. ಮುಂದಿನ ಪ್ರಶ್ನೆಯನ್ನೂ ತಯಾರು ಮಾಡಿಕೊಂಡು ಬಾ. ನಮ್ಮ ಹುಡುಗರು ಅದೇ ಜಾಗದಲ್ಲಿ ನಿಂತಿರುತ್ತಾರೆ. ಈ ಸಲ ತಲೆ ತಗ್ಗಿಸುವುದಿಲ್ಲ.